ಎರಡನೆಯ ನಂಬರು

ಹುಡುಗಿ ಥ್ಯಾಂಕ್ಯೂ ಅಂದಳು. ದೋಸೆಯ ತಟ್ಟೆಯನ್ನು ಎರಡೂ ಕೈಯಿಂದ ತೆಗೆದುಕೊಂಡು, ‘ಥ್ಯಾಂಕ್ಯೂ ಆಂಟಿ’ ಅಂದು, ಊಟದ ಮೇಜಿನ ಆ ತುದಿಗೆ ಹೋಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ದೇವಕಿ ಸೌಟು ಹಿಡಿದುಕೊಂಡೇ ನಿಂತಳು. ಕಾವಲಿಯ ಮೇಲಿನ ಹಿಟ್ಟು ಅಂಚಿನಲ್ಲಿ ಕೆಂಪಾಗುತ್ತ ಬಂತು, ಆದರೂ ಮಗುಚುವುದು ನೆನಪಾಗಲಿಲ್ಲ. ಈ ಅಡುಗೆಮನೆಯಲ್ಲಿ ಯಾರೂ ಯಾರಿಗೂ ಥ್ಯಾಂಕ್ಯೂ ಹೇಳಿದವರಲ್ಲ. ಅದು ಪಾರ್ಸೆಲ್ ತಂದವನಿಗೆ, ಬಸ್ಸಿನ ಡ್ರೈವರಿಗೆ, ಬಾಗಿಲ ಆಚೆ ನಿಂತವರಿಗೆ ಹೇಳುವ ಮಾತು. ಅಯೆನ್ ಮೂರನೆಯ ಕ್ಲಾಸಿನಿಂದ ಈ ಮನೆಗೆ ಬರುತ್ತಿದ್ದವಳು. ಕಾವಲಿಯಿಂದಲೇ ದೋಸೆ ಕಿತ್ತು, ಬೆರಳು ಸುಟ್ಟುಕೊಂಡು, ಊದಿಕೊಂಡು ತಿಂದು, ‘ಆಂಟಿ, ಈ ಕಡೆ ಬೆಂದಿಲ್ಲ’ ಎಂದು ತಪ್ಪು ಹಿಡಿಯುತ್ತಿದ್ದವಳು. ಮಗಳು ಅದಿತಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವಾಗ, ದಕ್ಷಿಣ ಸುಡಾನಿನ ತಾಯಿಗೆ ಬ್ರಿಸ್ಬೇನಿನಲ್ಲಿ ಹುಟ್ಟಿದ ಈ ಹುಡುಗಿ ‘ಸಾಕು’, ‘ಇನ್ನೊಂದು’, ‘ಉಪ್ಪಿಲ್ಲ’ ಎಂಬಷ್ಟು ಕನ್ನಡವನ್ನು ಹಸಿವಿನಿಂದಲೇ ಕಲಿತಿದ್ದಳು. ಅವಳು ಇವತ್ತು ತಟ್ಟೆಯ ಅಂಚಿನ ಚಟ್ನಿಯನ್ನು ಮೇಜಿಗೆ ಬೀಳದ ಹಾಗೆ ಜೋಪಾನವಾಗಿ ತಿನ್ನುತ್ತಿದ್ದಳು. ನೆಂಟರ ಮನೆಯಲ್ಲಿ ತಿನ್ನುವ ಹಾಗೆ.

‘ಇನ್ನೊಂದು ಹಾಕ್ಲಾ?’

‘ನೋ, ಐ’ಮ್ ಗುಡ್. ಥ್ಯಾಂಕ್ಯೂ.’

ಸುಟ್ಟ ದೋಸೆಯನ್ನು ದೇವಕಿ ತನ್ನ ತಟ್ಟೆಗೆ ಹಾಕಿಕೊಂಡಳು. ಶಾಲೆಯವರು ಹುಡುಗಿಗೆ ಎರಡು ದಿನ ಬರಬೇಡ ಅಂದಿದ್ದರು, ಇದು ಎರಡನೆಯ ದಿನ. ಹುಡುಗಿಯ ತಾಯಿ ಅಡುಟ್ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಬೆಳಕು ಹರಿಯುವ ಮೊದಲೇ ಪಾಳಿ ಶುರು, ಅಲ್ಲಿ ಫೋನನ್ನು ಬೀರುವಿನಲ್ಲಿಟ್ಟು ಒಳಗೆ ಹೋಗಬೇಕು. ಅದಕ್ಕೇ, ತಾಯಿ ಸಿಗದಿದ್ದರೆ ಕರೆಯಲೆಂದು, ಶಾಲೆಯಲ್ಲಿ ಅಯೆನ್‌ಳ ಎರಡನೆಯ ನಂಬರು ದೇವಕಿಯದು, ಅದಿತಿಯ ಎರಡನೆಯ ನಂಬರು ಅಡುಟ್‌ಳದು. ದೇವಕಿಯ ಗಂಡ ಉಮಾಕಾಂತ ಎಯ್ಟ್ ಮೈಲ್ ಪ್ಲೇನ್ಸ್‌ನ ಆಫೀಸಿನಲ್ಲಿ ಮೀಟಿಂಗಿನಿಂದ ಮೀಟಿಂಗಿಗೆ ಓಡುವವನು, ಅವನ ಹೆಸರು ಇದ್ದೂ ಇಲ್ಲದ ಹಾಗೆ. ಹಿಂದೆ ಅದಿತಿಗೆ ಆಟದ ಮೈದಾನದಲ್ಲಿ ಮೊಣಕೈ ಮುರಿದಾಗ ಮೊದಲು ಓಡಿ ಬಂದವಳು ಅಡುಟ್. ದೇವಕಿ ತಲುಪುವಷ್ಟರಲ್ಲಿ ಮಗು ಅವಳ ತೊಡೆಯ ಮೇಲೆ ಮಲಗಿತ್ತು, ಅಡುಟ್ ತನ್ನ ಭಾಷೆಯಲ್ಲಿ ಏನೋ ಗುನುಗುತ್ತಿದ್ದಳು. ಏನಾಯಿತು, ಯಾರು ತಳ್ಳಿದರು ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ಅದಿತಿಯದೇ ತಪ್ಪೆಂದು ಯಾರ ಹತ್ತಿರವೂ ಒಪ್ಪಿಕೊಂಡೂ ಇರಲಿಲ್ಲ.

ಮಂಗಳವಾರ ಶಾಲೆಯಿಂದ ಫೋನು ಬಂದಾಗ ದೇವಕಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಒದ್ದೆ ಟವಲನ್ನು ಹೆಗಲ ಮೇಲೆ ಹಾಗೇ ಬಿಟ್ಟುಕೊಂಡು ಕಾರು ಹತ್ತಿದ್ದೇನೆ ಎಂಬುದು ಫಾರೆಸ್ಟ್ ಲೇಕಿನ ಕೆರೆಯನ್ನು ಅರ್ಧ ಸುತ್ತಿದ ಮೇಲೆ ಗೊತ್ತಾಯಿತು. ಆಫೀಸಿನ ಕುರ್ಚಿಯಲ್ಲಿ ಅಯೆನ್ ಕೂತಿದ್ದಳು, ಉದ್ದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ಕೆಳಗೆ ಮಡಿಸಿಕೊಂಡು. ಡೆಪ್ಯುಟಿ ಪ್ರಿನ್ಸಿಪಾಲ್ ಮಿಸ್ ಕೋಲ್ಬಿ ಒಳ್ಳೆಯ ಹೆಂಗಸು, ಪ್ರತಿ ಮಾತಿಗೂ ತಲೆ ಓರೆ ಮಾಡುವವಳು. ಮೆಟ್ಟಿಲ ಮೇಲೆ ಕೂರಬೇಡ ಎಂದರೆ ಏಳಲಿಲ್ಲ, ಎದುರು ಮಾತಾಡಿದಳು, ಟೀಚರಿಗೆ ಹೆದರಿಕೆಯಾಗುವ ಹಾಗೆ ಎದ್ದು ನಿಂತಳು, ಎಂದು ಅವಳು ಹೇಳುತ್ತಿದ್ದಳು. ಅದು ಮುಗಿಯುವುದಕ್ಕೂ ಮೊದಲೇ ದೇವಕಿಯ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತ್ತು. ಸೋ ಸಾರಿ ಮಿಸ್. ವೆರಿ ವೆರಿ ಸಾರಿ. ಶಿ ವಿಲ್ ನಾಟ್ ರಿಪೀಟ್. ಐ ವಿಲ್ ಟೆಲ್ ಹರ್. ಆಮೇಲೆ ಹುಡುಗಿಯ ಕಡೆ ತಿರುಗಿ, ‘ಸೇ ಸಾರಿ, ಅಯೆನ್. ಸೇ.’ ದೇವಕಿ ಚಿಕ್ಕವಳಿದ್ದಾಗ ಅವಳ ಅಪ್ಪ ಮೈಸೂರಿನ ಸರಸ್ವತೀಪುರದ ಶಾಲೆಯಲ್ಲಿ ಹೆಡ್‌ಮಾಸ್ತರ ಮುಂದೆ ಹೀಗೇ ನಿಂತಿದ್ದ. ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿಕೊಂಡು, ತಪ್ಪಾಯ್ತು ಸಾರ್, ಎರಡೇಟು ಹಾಕಿ ಸಾರ್, ನಿಮ್ಮ ಮಗು ಅಂತ ತಿಳ್ಕೊಳಿ ಸಾರ್. ದೇವಕಿ ಏನು ಮಾಡಿದ್ದಳು ಎಂದು ಅಪ್ಪನೂ ಕೇಳಿರಲಿಲ್ಲ. ಅದು ಕೇಳುವ ಜಾಗವಾಗಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕಡಲೆಕಾಯಿ ಕೊಡಿಸಿದ್ದ, ಅಷ್ಟಕ್ಕೆ ಮುಗಿದುಹೋಗಿತ್ತು. ಬ್ರಿಸ್ಬೇನಿಗೆ ಬರುವ ಮೊದಲು ಪರ್ತ್‌ನಲ್ಲಿದ್ದ ಮೊದಲ ವರ್ಷ, ಪುಟ್ಟ ಅದಿತಿಯ ತಲೆಗೆ ಹಚ್ಚಿದ ಹರಳೆಣ್ಣೆ ವಾಸನೆ ಬರುತ್ತದೆ ಎಂದು ಟೀಚರು ಮೆತ್ತಗೆ ಹೇಳಿದಾಗಲೂ ಅದೇ ಬಾಯಿ, ಅದೇ ಸಾರಿ. ಸಾರಿ ಎಂದರೆ ಒಳಗೆ ಬರಬಹುದಾ ಎಂದು ಬಾಗಿಲು ತಟ್ಟಿದ ಹಾಗೆ, ಅಷ್ಟೇ ಎಂದು ಅವಳು ತಿಳಿದಿದ್ದಳು. ಅಯೆನ್ ಮಾತ್ರ ಸಾರಿ ಅನ್ನಲಿಲ್ಲ. ತಲೆಯೆತ್ತಿ ದೇವಕಿಯನ್ನು ನೋಡಿದಳು. ಸಿಟ್ಟಿನಿಂದಲ್ಲ. ಯಾರೋ ತನ್ನ ಗುರುತಿನವರ ಹಾಗೆ ಇದ್ದಾರಲ್ಲ, ಯಾರಿರಬಹುದು ಎಂದು ನೋಡುವ ಹಾಗೆ.

ಅವತ್ತು ಸಂಜೆ ಅದಿತಿ ಬ್ಯಾಗನ್ನು ನೆಲಕ್ಕೆ ಎಸೆದು ಅತ್ತಳು. ‘ಇಟ್ ವಾಸ್ ಮಿ, ಅಮ್ಮ!’ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದರಂತೆ, ಒಂದೇ ಇಯರ್‌ಫೋನಿನ ಒಂದೊಂದು ತುದಿ ಇಬ್ಬರ ಕಿವಿಯಲ್ಲಿ. ಎದ್ದು ಹೋಗಿ ಎಂದಾಗ ‘ಒನ್ ಮಿನಿಟ್, ಹಾಡು ಮುಗೀಲಿ’ ಎಂದದ್ದು ಅದಿತಿ. ಮೇಷ್ಟ್ರು ತಿರುಗಿದ್ದು ಅಯೆನ್ ಕಡೆಗೆ. ನನಗೊಬ್ಬಳಿಗೇ ಯಾಕೆ ಹೇಳ್ತೀರಿ ಎಂದು ಅವಳು ಎದ್ದು ನಿಂತು ಕೇಳಿದಳು. ಎದ್ದು ನಿಂತರೆ ಅವಳು ಮೇಷ್ಟ್ರಿಗಿಂತ ಎತ್ತರ, ಅದಕ್ಕೆ ಅವಳೇನು ಮಾಡಿಯಾಳು. ‘ನಾನು ಹೇಳಿದೆ ಅಮ್ಮ, ನಾನೇ ಅಂದದ್ದು ಅಂತ ಹೇಳಿದೆ,’ ಎಂದು ಅದಿತಿ ಇಂಗ್ಲಿಷಿನಲ್ಲಿ ಬಿಕ್ಕಿದಳು, ‘ಅವಳನ್ನ ಕವರ್ ಮಾಡಬೇಡ ಅದಿತಿ, ಯು’ರ್ ಬೆಟರ್ ದ್ಯಾನ್ ದ್ಯಾಟ್ ಅಂದ್ರು ಸರ್.’ ದೇವಕಿ ಮಗಳ ತಲೆ ಸವರಿದಳು. ನೀನು ಅದಕ್ಕಿಂತ ಉತ್ತಮಳು ಎಂಬ ಮಾತು ಕಿವಿಗೆ ಬಿದ್ದಾಗ, ನಾಚಿಕೆಗೇಡು, ಮೊದಲ ಚಣ ಅವಳ ಎದೆಯೊಳಗೆ ಎಲ್ಲೋ ಒಂದು ಕಡೆ ಹಿತವಾಗಿತ್ತು. ಎಷ್ಟು ವರ್ಷ ಅದಕ್ಕೇ ಅಲ್ಲವೇ ತಲೆ ಬಾಚಿ, ಯೂನಿಫಾರ್ಮ್ ಇಸ್ತ್ರಿ ಮಾಡಿ, ಪ್ಲೀಸ್ ಹೇಳು, ಥ್ಯಾಂಕ್ಯೂ ಹೇಳು ಎಂದು ಕಳಿಸಿದ್ದು? ಆಮೇಲೆ ಆ ಹಿತ ಅನ್ನದ ಹಾಗೆ ಹಳಸಿತು.

ಅವತ್ತೇ ಮಗಳನ್ನು ಕರೆದೊಯ್ಯಲು ಬಂದ ಅಡುಟ್ ಒಳಗೆ ಬರಲಿಲ್ಲ. ಯಾವತ್ತೂ ಚಪ್ಪಲಿ ಕಳಚಿ ನೇರವಾಗಿ ಅಡುಗೆಮನೆಗೆ ಬಂದು ನೀರಿನ ಲೋಟ ತಾನೇ ತೆಗೆದುಕೊಳ್ಳುವವಳು ಬಾಗಿಲಲ್ಲೇ ನಿಂತಳು.

‘ಸಾರಿ ಹೇಳಿದೆಯಾ?’

‘ಹೇಳಿದೆ. ಅಡುಟ್, ನಾನು ಅಂದ್ಕೊಂಡೆ...’

‘ಯಾವುದಕ್ಕೆ ಹೇಳಿದೆ?’

ದೇವಕಿ ನೀರಿನ ಲೋಟ ತರಲು ತಿರುಗಿದಳು.

‘ನಿನ್ನ ಮನೇಲಿ ನೂರು ಸಾರಿ ಹೇಳ್ಕೋ, ನಂಗೇನು,’ ಎಂದಳು ಅಡುಟ್, ನಿಧಾನವಾದ ದಣಿದ ಇಂಗ್ಲಿಷಿನಲ್ಲಿ. ‘ನಾನು ಫೋನ್ ಮಾಡಿದ್ರೆ ಅವರು ಏನಂತಾರೆ ಗೊತ್ತಾ? ಆಂಟಿ ಒಪ್ಪಿಕೊಂಡಾಯ್ತು ಅಂತಾರೆ. ಮುಂದಿನ ಸಲ ಇದೇ ಮಾತು ಹಿಡಿದು ಇನ್ನೂ ಜಾಸ್ತಿ ದಿನ ಮನೆಗೆ ಕಳಿಸ್ತಾರೆ. ಆಮೇಲೆ ಇನ್ನೂ ಜಾಸ್ತಿ. ನಾನು ನೋಡಿದೀನಿ, ನನ್ನ ಅಕ್ಕನ ಮಗಳಿಗೆ ಹೀಗೇ ಆಯ್ತು. ಅವಳು ಈಗ ಶಾಲೆಗೇ ಹೋಗಲ್ಲ.’ ಆಮೇಲೆ ಮಗಳ ಬ್ಯಾಗನ್ನು ತಾನೇ ಹೆಗಲಿಗೆ ಹಾಕಿಕೊಂಡು ಹೋದಳು. ಮಾರನೆಯ ಬೆಳಿಗ್ಗೆ ಬೇರೆ ದಾರಿಯಿಲ್ಲದೆ ಹುಡುಗಿಯನ್ನು ಮತ್ತೆ ಇಲ್ಲಿಗೇ ಬಿಟ್ಟಳು, ಕಾರಿನಿಂದ ಇಳಿಯದೆ. ಅವಳು ಶಾಲೆಗೆ ಹೋಗಿ ಆ ಎರಡನೆಯ ನಂಬರನ್ನು ತೆಗೆಸಿಬಿಡುತ್ತಾಳೆ ಎಂದು ದೇವಕಿಗೆ ಅನ್ನಿಸತೊಡಗಿತ್ತು. ತೆಗೆಸಿದರೆ ತಪ್ಪೇನು ಎಂದೂ ಅನ್ನಿಸಿತು.

ಇವತ್ತಿನ ದೋಸೆ ಮುಗಿಸಿ ಅಯೆನ್ ತಟ್ಟೆ ತೊಳೆದು, ಒರೆಸಿ, ಜಾಗ ಹುಡುಕಿ ಇಟ್ಟಳು. ಬಟ್ಟೆಯ ರಾಶಿಯ ಪಕ್ಕ ಕೂತು, ಯಾರೂ ಕೇಳದೆ, ಉಮಾಕಾಂತನ ಬನಿಯನ್‌ಗಳನ್ನು ಮಡಿಸತೊಡಗಿದಳು. ತನ್ನ ತಾಯಿ ಕಲಿಸಿದ ಹಾಗೆ, ಆಸ್ಪತ್ರೆಯ ಬಟ್ಟೆಯ ಹಾಗೆ, ಚೌಕ ಚೌಕವಾಗಿ. ‘ಬಿಡಮ್ಮ, ನಾನು ಮಡಿಸ್ತೀನಿ’ ಎಂದರೆ ‘ಇಟ್ಸ್ ಫೈನ್’ ಅಂದಳು. ಹೋದ ವರ್ಷ ಇದೇ ಸೋಫಾದ ಮೇಲೆ ಕೂತಿದ್ದಾಗ ಮೈಸೂರಿನಿಂದ ಅಮ್ಮ ವಿಡಿಯೋ ಕಾಲ್ ಮಾಡಿದ್ದಳು. ‘ಯಾರೇ ಅದು ಕತ್ತಲೇಲಿ ಕೂತಿರೋದು? ಬರೀ ಕಣ್ಣು ಕಾಣ್ತದೆ’ ಎಂದಿದ್ದಳು ಅಮ್ಮ. ದೇವಕಿಯ ಕೈ ಫೋನನ್ನು ತಿರುಗಿಸುವಷ್ಟರಲ್ಲಿ ಅಯೆನ್ ಮುಂದೆ ಬಾಗಿ, ‘ಹಲೋ ಅಜ್ಜಿ! ಹಲ್ಲೂ ಇದೆ!’ ಎಂದು ಹಲ್ಲು ಕಿರಿದು ತೋರಿಸಿದ್ದಳು. ಅಮ್ಮ ಅಲ್ಲಿ, ಹುಡುಗಿಯರು ಇಲ್ಲಿ, ಎಲ್ಲ ಬಿದ್ದು ಬಿದ್ದು ನಕ್ಕಿದ್ದರು. ದೇವಕಿಯೂ ನಕ್ಕಿದ್ದಳು. ಆ ನಗು ನಗುವುದಕ್ಕೆ ಆ ಮಗು ಎಷ್ಟು ಬೇಗ ತಯಾರಾಗಿತ್ತು, ಎಷ್ಟು ಮನೆಗಳಲ್ಲಿ ಅಭ್ಯಾಸ ಮಾಡಿಕೊಂಡಿತ್ತು ಎಂದು ಆಗ ಹೊಳೆದಿರಲಿಲ್ಲ. ಈಗ ಬನಿಯನ್ನಿನ ಅಂಚನ್ನು ಅಂಚಿಗೆ ಸೇರಿಸುವ ಆ ಉದ್ದ ಬೆರಳುಗಳನ್ನು ನೋಡುತ್ತ ಹೊಳೆಯಿತು.

ಫೋನು ಬಂತು. ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿರುವ ಚಿಕ್ಕಪ್ಪನ ಮಗಳು ಜ್ಯೋತ್ಸ್ನಾ. ದೇವಕಿ ಫೋನನ್ನು ಕಿವಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು.

‘ಅಲ್ಲ ಕಣೆ ಅಕ್ಕ, ಭಾವ ಎಲ್ಲಾ ಹೇಳಿದ್ರು. ಇವತ್ತು ಆ ಹುಡುಗಿ ವಿಷಯಕ್ಕೆ ಶಾಲೇಲಿ ಕರೆದಿರೋ ಮೀಟಿಂಗಿಗೆ ನೀನ್ಯಾಕೆ ಹೋಗ್ತಿದೀಯ? ಅವರಮ್ಮ ಹೋಗ್ತಾಳಲ್ಲ.’

‘ನಾನು ಹೇಳಿದ ಮಾತು ನಾನೇ ವಾಪಸ್ ತಗೋಬೇಕಲ್ಲೇ.’

‘ಅದೇನು ಕೊಟ್ಟ ಸೀರೆನಾ ವಾಪಸ್ ತಗೊಳಕ್ಕೆ? ಸಾರಿ ಅಂದ್ರೆ ಇಲ್ಲಿ ಎಲ್ರೂ ಖುಷಿಯಾಗ್ತಾರೆ, ಬಿಟ್ಬಿಡು. ಊರ ಉಸಾಬರಿ ಯಾಕೆ ನಿಂಗೆ. ನಾಳೆ ಅದಿತಿ ಮೇಲೂ ಕಣ್ಣು ಬೀಳತ್ತೆ. ಇವಾಗ ಅವಳನ್ನ ಗುಡ್ ಗರ್ಲ್ ಅಂತಾರಲ್ವಾ?’

‘ಅಂತಾರೆ.’

‘ಮತ್ತೆ?’

ಬೇಲಿಯ ಬುಡದಲ್ಲಿ ಒಂದು ದೊಡ್ಡ ಓತಿ ಬಿಸಿಲಿಗೆ ಕತ್ತೆತ್ತಿ ಕೂತಿತ್ತು, ಅವಳನ್ನು ಲೆಕ್ಕಕ್ಕೇ ಇಡದೆ. ಜ್ಯೋತ್ಸ್ನಾ ಕೆಟ್ಟವಳಲ್ಲ, ಹೆದರಿದವಳು. ತಾನೂ ಹಾಗೇ. ನಾವೆಲ್ಲ ಇಲ್ಲಿ ಒಂದು ಮೆಟ್ಟಿಲ ಮೇಲೆ ಕೂತಿದ್ದೇವೆ, ಎದ್ದೇಳು ಎಂಬ ಮಾತನ್ನು ಕೆಳಗಿನ ಮೆಟ್ಟಿಲಿನವರಿಗೆ ಹೇಳುತ್ತಿರುವವರೆಗೆ ಅದು ನಮಗಲ್ಲ ಎಂದುಕೊಳ್ಳುತ್ತೇವೆ. ‘ಇಡ್ತೀನಿ ಕಣೆ, ಕುಕ್ಕರ್ ಕೂಗ್ತಿದೆ’ ಎಂದಳು. ಕುಕ್ಕರ್ ಕೂಗುತ್ತಿರಲಿಲ್ಲ.

ಮಧ್ಯಾಹ್ನದ ಮೀಟಿಂಗಿಗೆ ಅಡುಟ್ ಕೆಲಸದ ನೀಲಿ ಅಂಗಿಯಲ್ಲೇ ಬಂದಿದ್ದಳು. ಅಯೆನ್ ಜೊತೆ ಬಂದ ದೇವಕಿಯನ್ನು ಕಂಡು ಹುಬ್ಬೇರಿಸಿದಳು. ಮಿಸ್ ಕೋಲ್ಬಿ ಎಲ್ಲರಿಗೂ ನೀರು ಕೊಟ್ಟಳು, ತಲೆ ಓರೆ ಮಾಡಿದಳು.

‘ಮೊದಲೇ ಹೇಳಿಬಿಡ್ತೀನಿ, ಆಂಟಿ ತುಂಬಾ ಸಹಕರಿಸಿದಾರೆ. ತಪ್ಪಾಗಿದೆ ಅಂತ ಅವರೇ ಒಪ್ಕೊಂಡಿದಾರೆ. ಅಯೆನ್ ಕೂಡ ಅಷ್ಟು ಹೇಳಿದ್ರೆ ನಾವು ಮುಂದೆ ಹೋಗಬಹುದು.’

ಅಯೆನ್ ತನ್ನ ಶೂಗಳನ್ನು ನೋಡಿದಳು. ಅಡುಟ್ ಬಾಯಿ ತೆರೆಯುವಷ್ಟರಲ್ಲಿ ದೇವಕಿ ಮಾತಾಡಿಬಿಟ್ಟಳು. ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಇಂಗ್ಲಿಷ್ ವಾಕ್ಯಗಳು ಒಂದೂ ಸಾಲಾಗಿ ಬರಲಿಲ್ಲ.

‘ಮಿಸ್, ನನಗೆ ಏನೂ ಗೊತ್ತಿರಲಿಲ್ಲ. ಏನಾಯ್ತು ಅಂತ ಕೇಳದೇನೇ ಸಾರಿ ಅಂದೆ. ನಮ್ಮ ಕಡೆ ಹಾಗೆ. ಟೀಚರ್ ಕರೆದ್ರೆ ಮೊದಲು ಸಾರಿ, ಆಮೇಲೆ ವಿಷಯ. ಅದು ಅಯೆನ್ ಸಾರಿ ಅಲ್ಲ. ನನ್ನ ಅಭ್ಯಾಸ. ಅದನ್ನ ತೆಗೆದುಬಿಡಿ.’

‘ಯಾರೂ ನಿಮ್ಮನ್ನ ದೂರ್ತಿಲ್ಲ, ದೇವಕಿ.’

‘ಮೆಟ್ಟಿಲ ಮೇಲೆ ಇಬ್ರು ಕೂತಿದ್ರು. ಒನ್ ಮಿನಿಟ್ ಅಂದವಳು ನನ್ನ ಮಗಳು.’

ಮಿಸ್ ಕೋಲ್ಬಿ ಮುಗುಳ್ನಕ್ಕಳು. ಆ ನಗುವಿನಲ್ಲಿ ನಿಜವಾದ ಪ್ರೀತಿಯೇ ಇತ್ತು, ಅದೇ ಕಷ್ಟ. ‘ಅದಿತಿ ಈಸ್ ಎ ಲವ್ಲಿ ಗರ್ಲ್. ಗೆಳತಿಯ ಪರ ನಿಲ್ಲೋದು ಅವಳ ದೊಡ್ಡ ಗುಣ.’

‘ಲವ್ಲಿ?’ ಎಂದಳು ದೇವಕಿ. ಹೆತ್ತ ಮಗುವನ್ನು ಹತ್ತು ಜನರ ಮುಂದೆ ಹೊಗಳಿದರೆ ದೃಷ್ಟಿಯಾಗುತ್ತದೆಂದು ತೆಗಳಿ ತೆಗಳಿಯೇ ಸಾಕುವ ಮನೆತನದವಳು ಅವಳು, ಆ ವಿದ್ಯೆ ಈ ಕೋಣೆಯಲ್ಲಿ ಉಪಯೋಗಕ್ಕೆ ಬಂದೀತೆಂದು ಎಣಿಸಿರಲಿಲ್ಲ. ‘ಮಿಸ್, ನಿಮಗೆ ಗೊತ್ತಿಲ್ಲ. ಮನೆಗೆ ಬಂದು ನೋಡಿ. ಏಳು ಅಂದ್ರೆ ಒನ್ ಮಿನಿಟ್. ಸ್ನಾನಕ್ಕೆ ಒನ್ ಮಿನಿಟ್. ಊಟಕ್ಕೆ ಒನ್ ಮಿನಿಟ್. ಅವರಪ್ಪ ಏರ್‌ಪೋರ್ಟಿಗೆ ಹೊರಟು ನಿಂತಿದ್ರೆ, ಬಾತ್‌ರೂಮಿಂದ ಒನ್ ಮಿನಿಟ್! ಆ ಮಾತು ಅವಳದೇ. ಅಯೆನ್ ನನ್ನ ಮನೇಲಿ ಒಂದು ದಿನವೂ ಅಂದಿಲ್ಲ, ಕರೆಯೋಕೆ ಮೊದಲೇ ಬಂದು ತಟ್ಟೆ ಹಿಡಿದು ನಿಂತಿರ್ತಾಳೆ.’

ಅಡುಟ್ ಮೂಗಿನಿಂದ ಏನೋ ಸದ್ದು ಹೊರಡಿಸಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

‘ಇಬ್ಬರನ್ನೂ ಮನೆಗೆ ಕಳಿಸಿ,’ ಎಂದಳು ದೇವಕಿ. ‘ಇಲ್ಲ ಅಂದ್ರೆ ಇಬ್ಬರನ್ನೂ ಕಳಿಸಬೇಡಿ. ಒಬ್ಬಳನ್ನ ಯಾಕೆ?’

ಮಿಸ್ ಕೋಲ್ಬಿಯ ತಲೆ ಮೊದಲ ಸಲ ನೆಟ್ಟಗಾಯಿತು. ಕಿಟಕಿಯಾಚೆ ಯಾವುದೋ ತರಗತಿ ಮೈದಾನಕ್ಕೆ ಹೋಗುತ್ತಿತ್ತು. ಅವಳು ಅದನ್ನೊಮ್ಮೆ ನೋಡಿ ಹುಡುಗಿಯ ಕಡೆ ತಿರುಗಿದಳು. ‘ಏನಾಯ್ತು ಅಂತ ನೀನು ಹೇಳ್ತೀಯಾ, ಅಯೆನ್?’ ಮಂಗಳವಾರದಿಂದ ಈ ಪ್ರಶ್ನೆಯನ್ನು ಯಾರೂ ಅವಳನ್ನು ಕೇಳಿರಲಿಲ್ಲ, ಶಾಲೆಯವರೂ, ದೇವಕಿಯೂ. ಅಯೆನ್ ಹೇಳಿದಳು. ಚಿಕ್ಕದಾಗಿ, ಯಾರ ಮೇಲೂ ದೂರಿಲ್ಲದೆ, ಹಾಡು ಯಾವುದು ಎಂಬುದನ್ನೂ ಸೇರಿಸಿ. ಮಿಸ್ ಕೋಲ್ಬಿ ಮೇಷ್ಟ್ರನ್ನೂ ಅದಿತಿಯನ್ನೂ ಮತ್ತೆ ಕೇಳುತ್ತೇನೆ ಎಂದಳು. ಒಪ್ಪಿಕೊಂಡರು ಎಂಬ ಮಾತನ್ನು ದಾಖಲೆಯಿಂದ ಇವತ್ತೇ ತೆಗೆಯುತ್ತೇನೆ, ಮಿಕ್ಕಿದ್ದಕ್ಕೆ ಈಗಲೇ ಮಾತು ಕೊಡಲಾರೆ ಎಂದಳು.

‘ನನಗೆ ಫೋನ್ ಮಾಡಿ,’ ಎಂದಳು ಅಡುಟ್. ‘ನನಗೆ. ಪಾಳಿ ಮುಗಿದ ಮೇಲೆ.’

ಶಾಲೆ ಬಿಡುವ ಗಂಟೆ ಹೊಡೆಯಿತು. ಅಯೆನ್ ಅದಿತಿಯನ್ನು ಹುಡುಕಿಕೊಂಡು ಹೋದಳು. ಕಾರುಗಳು ನಿಂತ ಕಡೆ ಇಬ್ಬರು ತಾಯಂದಿರು ಬಿಸಿಲಿನಲ್ಲಿ ನಿಂತರು. ಅಡುಟ್ ಬ್ಯಾಗಿನಲ್ಲಿ ಕೀಲಿ ಹುಡುಕುತ್ತಿದ್ದಳು.

‘ನಿನ್ನ ನಂಬರು ತೆಗೆಸೋಣ ಅಂತಲೇ ಬಂದಿದ್ದೆ.’

‘ಗೊತ್ತು,’ ಎಂದಳು ದೇವಕಿ. ‘ತೆಗೆಸು ಬೇಕಾದ್ರೆ.’

‘ತೆಗೆಸಿ ಯಾರದು ಹಾಕ್ಲಿ? ನಿನ್ನ ಗಂಡನದಾ?’ ಅಡುಟ್ ತಲೆಯೆತ್ತಲಿಲ್ಲ. ‘ಮುಂದಿನ ಸಲ ಫೋನ್ ಬಂದ್ರೆ ಹೋಗು. ನೀರು ಕೊಡ್ತಾರೆ, ಕುಡಿ. ಅವಳ ಪಕ್ಕ ಕೂತ್ಕೋ. ನಾನು ಬರೋವರೆಗೆ ಬಾಯಿ ತೆಗೀಬೇಡ.’

‘ಮುಂದಿನ ಸಲ ಇರಲ್ಲ, ಅಡುಟ್.’

‘ಇರತ್ತೆ,’ ಎಂದಳು ಅಡುಟ್, ಹವಾಮಾನ ಹೇಳುವವರ ಹಾಗೆ. ಕೀಲಿ ಸಿಕ್ಕಿತು. ‘ಅವಳನ್ನ ಕರ್ಕೊಂಡು ಹೋಗು. ನಾನು ಉಳಿದ ಪಾಳಿ ಮುಗಿಸಿ ಬರ್ತೀನಿ. ಊಟ ಇಟ್ಟಿರು, ಬೆಳಗ್ಗಿಂದ ಏನೂ ತಿಂದಿಲ್ಲ.’

ಕಾರಿನ ಹಿಂದಿನ ಸೀಟಿನಲ್ಲಿ ಹುಡುಗಿಯರು ಸೇರಿದ ಕೂಡಲೇ ಗದ್ದಲ ಶುರುವಾಯಿತು. ಡೆಪ್ಯುಟಿಯ ಮುಂದೆ ಆಂಟಿ ಏನೇನು ಹೇಳಿದಳೆಂದು ಅಯೆನ್ ಅಭಿನಯ ಮಾಡಿ ತೋರಿಸುತ್ತಿದ್ದಳು. ‘ಬಾತ್‌ರೂಮ್ ಬಗ್ಗೆನೂ ಹೇಳಿದ್ಳಾ? ಅಮ್ಮಾ! ಐ’ಮ್ ಡೆಡ್! ಐ’ಮ್ ಲಿಟರಲಿ ಡೆಡ್!’ ಎಂದು ಅದಿತಿ ಕಿರುಚಿದಳು, ಸೀಟನ್ನು ಒದ್ದಳು. ಮುಂದೆ ವೃತ್ತವಿತ್ತು, ಬಲಗಡೆಯಿಂದ ಲಾರಿ ಬರುತ್ತಿತ್ತು. ದೇವಕಿಯ ಎದೆ ಹಗುರವಾಗಿತ್ತು, ಎಷ್ಟೋ ದಿನದ ಮೇಲೆ ಹಗುರವಾಗಿತ್ತು. ಆ ಹಗುರದಲ್ಲೇ, ಕನ್ನಡಿಯನ್ನೂ ನೋಡದೆ, ಅವಳು ಕೂಗಿದಳು:

‘ಅಯೆನ್! ಮೆತ್ತಗೆ!’

ಲಾರಿ ಹಾದುಹೋಯಿತು. ದೇವಕಿ ಮುಂದೆ ಹೋಗಲಿಲ್ಲ. ಕನ್ನಡಿಯಲ್ಲಿ ಎರಡು ಮುಖಗಳು ಅವಳನ್ನೇ ನೋಡುತ್ತಿದ್ದವು, ಒಂದರ ಬಾಯಿ ಇನ್ನೂ ಕಿರುಚಿದ ಆಕಾರದಲ್ಲೇ ತೆರೆದಿತ್ತು.

‘ವೈ ಮಿ, ಆಂಟಿ?’ ಎಂದಳು ಅಯೆನ್. ‘ಕಿರುಚಿದ್ದು ಅವಳು.’

ಸಾರಿ ಎಂಬುದು ನಾಲಿಗೆಯ ತುದಿಗೆ ಬಂತು. ಎಷ್ಟು ಸುಲಭವಾಗಿ ಬಂತೆಂದರೆ ದೇವಕಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಮೂರನೆಯ ಕ್ಲಾಸಿನಿಂದ ಎಷ್ಟು ಸಂಜೆಗಳು, ಒಳಕೋಣೆಯಲ್ಲಿ ಏನೋ ಬಿದ್ದ ಸದ್ದು, ಅಡುಗೆಮನೆಯಿಂದ ತನ್ನ ಕೂಗು. ಯಾರ ಹೆಸರು ಹಿಡಿದು ಕೂಗುತ್ತಿದ್ದೆ?

‘ಹೌದು. ಅವಳೇ,’ ಎಂದಳು. ‘ನನ್ನ ಬಾಯಿಗೆ ನಿನ್ನ ಹೆಸರೇ ಮೊದಲು ಬರತ್ತೆ, ಅಲ್ವಾ?’

‘ಆಲ್ವೇಸ್,’ ಎಂದಳು ಅಯೆನ್. ಅದರಲ್ಲಿ ಸಿಟ್ಟಿರಲಿಲ್ಲ. ಅದಿತಿ ಗೆಳತಿಯನ್ನು ನೋಡಿದಳು, ಆಮೇಲೆ ಅಮ್ಮನನ್ನು.

‘ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು?’ ಎಂದಳು ದೇವಕಿ.

ಹಿಂದಿನ ಕಾರು ಹಾರ್ನ್ ಹೊಡೆಯಿತು. ಅಯೆನ್ ಮುಂದಕ್ಕೆ ಬಾಗಿ, ಎರಡೂ ಸೀಟುಗಳ ನಡುವೆ ತನ್ನ ಉದ್ದ ಕತ್ತನ್ನು ತೂರಿಸಿ, ದೇವಕಿಯ ಕಿವಿಯ ಹತ್ತಿರ, ತುಸು ಜೋರಾಗಿಯೇ ಹೇಳಿದಳು:

‘ಈಗ ಹೇಳ್ತಿದೀನಲ್ಲ.’